ದೊಡ್ಡವ್ವ ಮೈ ತಿಕ್ಕಿದ ವಾರ

ಬೆಳಿಗ್ಗೆಯಿಂದ ನಮ್ಮ ಬಚ್ಚಲಲ್ಲಿ ಒಂದು ವಾಸನೆ. ಹಣ್ಣಿನದು ಅನ್ನೋಣವೆಂದರೆ ಹಣ್ಣಿನದಲ್ಲ, ಔಷಧಿಯದು ಅನ್ನೋಣವೆಂದರೆ ಅದೂ ಅಲ್ಲ. ಮಗಳು ಪೇಟೆಯಿಂದ ತಂದ ಸ್ಕ್ರಬ್ಬಿನದು. ಅದರಲ್ಲಿ ಅಕ್ರೋಟದ ಸಿಪ್ಪೆಯ ಪುಡಿ ಇದೆಯಂತೆ. ನೆಲಕ್ಕೆ ಬಿದ್ದ ಕಾಳುಗಳು ಅಂಗಾಲಿಗೆ ಚುಚ್ಚುತ್ತವೆ. ಭಾನುವಾರ ಅವಳನ್ನು ನೋಡಲು ಬರುವವರಿದ್ದಾರೆ. ನನಗೋ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಪರದೆ ತೊಳೆದದ್ದಾಯಿತು, ಡಬ್ಬಿಗಳನ್ನು ಒರೆಸಿದ್ದಾಯಿತು, ಒರೆಸಿದ್ದನ್ನೇ ಮತ್ತೆ ಒರೆಸಿದ್ದೂ ಆಯಿತು. ಸೌಟು ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಹೋಗಿ, "ಕಿವಿ ಹಿಂದ ತಿಕ್ಕು, ಕುತ್ತಿಗಿ ಬಿಟ್ಟೀದಿ ನೋಡು" ಎಂದೆ. ಅಂದ ಮೇಲೆ ಆ ದನಿ ನನ್ನದಲ್ಲ ಅನಿಸಿತು. ಅದು ನಮ್ಮ ಕುರುಗೋಡಿನ ದೊಡ್ಡವ್ವನ ದನಿ.

ದೊಡ್ಡವ್ವ ನಮ್ಮಪ್ಪನ ಅಣ್ಣನ ಹೆಂಡತಿ. ಕುರುಗೋಡಿನ ಗುಡ್ಡದ ಬಂಡೆಯದೇ ಬಣ್ಣ, ಬಂಡೆಯದೇ ಮೈಕಟ್ಟು. ಅವರ ಹಿತ್ತಲ ಬೇಲಿಯಲ್ಲಿ ಹೀರೆಬಳ್ಳಿ ಇತ್ತು. ಎಳೆಯವು ಸಾರಿಗೆ, ಬಲಿತವನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು, ಸಿಪ್ಪೆ ಸುಲಿದು, ಬೀಜ ಕೊಡವಿ, ನಾರನ್ನು ಜೋಪಾನ ಮಾಡುತ್ತಿದ್ದರು. ಅದು ಮೈ ತಿಕ್ಕಲು. ನಮ್ಮ ಬಳಗದಲ್ಲಿ ಯಾವ ಹುಡುಗಿಯನ್ನು ನೋಡಲು ಬರುವುದಿದ್ದರೂ ವಾರ ಮೊದಲೇ ದೊಡ್ಡವ್ವನಿಗೆ ಹೇಳಿಕಳಿಸುತ್ತಿದ್ದರು. ಅವರ ಕೈಯಲ್ಲಿ ತಿಕ್ಕಿಸಿಕೊಂಡ ಹುಡುಗಿಗೆ ಸಂಬಂಧ ತಪ್ಪುವುದಿಲ್ಲ ಎಂಬ ಹೆಸರಿತ್ತು.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ನಾನು ಬಳ್ಳಾರಿಯಲ್ಲೇ ಟಿ.ಸಿ.ಎಚ್. ಓದುತ್ತಿದ್ದೆ, ಮಾಸ್ತರಿಕೆಯ ತರಬೇತಿ. ಮುಗಿಯಲು ಇನ್ನೊಂದು ವರ್ಷ ಬಾಕಿ. ಸಿರುಗುಪ್ಪದಿಂದ ಒಂದು ಸಂಬಂಧ ಬಂತು. ಕಾಲುವೆ ನೀರಿನ ಗದ್ದೆ, ದೊಡ್ಡ ಮನೆತನ. ಅಪ್ಪ ಹಿಗ್ಗಿಹೋದರು. "ತರಬೇತಿ ಏನ್ ಮಾಡೂದು?" ಎಂದು ಅವ್ವ ಕೇಳಿದ್ದಕ್ಕೆ, "ಮದಿವ್ಯಾದ ಮ್ಯಾಲೆ ನೋಡೂಣು" ಎಂದರು. ನಾನು ಬಾಗಿಲ ಹಿಂದೆಯೇ ಇದ್ದೆ. ಯಾರೂ ನನ್ನತ್ತ ತಿರುಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ. ನನ್ನ ಚಿಂತೆಯೆಲ್ಲ ನನ್ನ ಮೊಣಕೈಗಳ ಬಗ್ಗೆ. ಅವು ಮೈಗಿಂತ ಒಂದು ಪಟ್ಟು ಹೆಚ್ಚು ಕಪ್ಪಗಿದ್ದವು.

ಮರುದಿನವೇ ದೊಡ್ಡವ್ವ ಬಸ್ಸಿಳಿದು ಬಂದರು. ಚೀಲದಲ್ಲಿ ಹೀರೆ ನಾರು, ಅರಿಶಿಣ, ಕಡಲೆಹಿಟ್ಟು. ಗಿರಣಿಯಲ್ಲಿ ನಿಂತು ಹಿಟ್ಟನ್ನು ಬೇಕೆಂದೇ ತರಿಯಾಗಿ ಬೀಸಿಸಿದ್ದರು. "ನುಣ್ಣಗಾದ್ರ ಮಣ್ಣು ಹಿಡಿಯಂಗಿಲ್ಲ" ಎಂಬುದು ಅವರ ಮತ. ಮಣ್ಣು ಎಂದರೆ ಮೈಯಿಂದ ಸುರುಳಿ ಸುರುಳಿಯಾಗಿ ಉದುರುವ ಕೊಳೆ. ಬಳ್ಳಾರಿಯ ಬೇಸಿಗೆಯಲ್ಲಿ ನೀರು ಕಾಯಿಸುವುದೇ ಬೇಕಿರಲಿಲ್ಲ. ಕೊಡ ತುಂಬಿ ಅಂಗಳದಲ್ಲಿಟ್ಟರೆ ಸಾಕು, ಕೋಟೆ ಗುಡ್ಡದ ಕಡೆಯಿಂದ ಬೀಸುವ ಝಳಕ್ಕೇ ಸುಡುತ್ತಿತ್ತು. ಎಣ್ಣೆ ಹಚ್ಚಿ, ಹಿಟ್ಟು ಮೆತ್ತಿ, ಅದು ಒಣಗಿ ಚರ್ಮ ಬಿಗಿಯುವವರೆಗೆ ಕೂರಿಸಿ, ಆಮೇಲೆ ನಾರು ಹಿಡಿದರೆಂದರೆ ನನಗೆ ದೇವರೇ ಗತಿ. ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಅವ್ವನಿಗೆ ತೋರಿಸುತ್ತಿದ್ದರು.

"ನೋಡ್ಬೇ, ಇನ್ನಾ ಬರಾಕ ಹತ್ತೈತಿ. ಇದನ್ನ ಹೊತ್ಕಂಡು ಕಾಲೇಜಿಗೆ ಹೊಕ್ಕಿದ್ಲು ನಿನ್ನ ಮಗಳು!"

ಪಕ್ಕದ ಮನೆಯ ತೆಲುಗಿನ ಅತ್ತೆ ಗೋಡೆಯಾಚೆಯಿಂದ ಇಣುಕಿ, "ಚಾಲು ಅಕ್ಕಯ್ಯಾ, ಸಾಕು, ಇನ್ನ ತಿಕ್ಕಿದ್ರ ತೊಗಲು ಕಿತ್ತು ಬರ್ತೈತಿ" ಎಂದು ನಕ್ಕಳು.

"ಹಳೇ ತೊಗಲು ಕಿತ್ತು ಬರ್ಲಿ ಅಂತನ ತಿಕ್ಕೂದು" ಎಂದರು ದೊಡ್ಡವ್ವ.

ನಗಬೇಡಿ, ನಾನೂ ಅದನ್ನು ನಂಬಿದ್ದೆ. ಸಂಜೆಯಾದರೆ ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ, ಮೊಣಕೈಯ ಬಣ್ಣ ನೋಡಿಕೊಳ್ಳುತ್ತಿದ್ದೆ. ಪಾಠದ ಪುಸ್ತಕ ತೆರೆದರೆ ಅಕ್ಷರ ಓಡುತ್ತಿರಲಿಲ್ಲ. ಮಲಗಿದರೆ ಮೈಯೆಲ್ಲ ಚುರುಚುರು, ಎದ್ದರೆ ಮನಸ್ಸು ಚುರುಚುರು. ಅದೇಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಸಿರುಗುಪ್ಪದವರು ಬರುವ ದಿನ ಬೆಳಿಗ್ಗೆ ದೊಡ್ಡವ್ವನಿಗೆ ಸಮಾಧಾನವೇ ಆಗಲಿಲ್ಲ. "ಹಣಿ ಇನ್ನಾ ಮಂಕೈತಿ" ಎಂದು, ಬೆನ್ನಿಗೆ ಬಳಸುವ ಒರಟು ನಾರನ್ನೇ ಮುಖಕ್ಕೂ ತಂದರು. ಹಣೆ ಕೆಂಪಗಾಯಿತು. ಆ ಕೆಂಪನ್ನೇ ಕಳೆ ಅಂದುಕೊಂಡೆವು. ಅಪ್ಪ ಒಳಬಂದು, "ಅವ್ರು ಭಾಳ ಆಚಾರದ ಮಂದಿ, ವಿಭೂತಿ ಎದ್ದು ಕಾಣಬೇಕು" ಎಂದರು. ದೊಡ್ಡವ್ವ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಿನಿಂದ ದಪ್ಪಗೆ ಎಳೆದರು.

ಹಸಿ ಚರ್ಮದ ಮೇಲೆ ಬೂದಿ, ಅದರ ಮೇಲೆ ಬಳ್ಳಾರಿಯ ಬೆವರು. ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬರುವಷ್ಟರಲ್ಲಿ ಹಣೆಗೆ ಕೆಂಡ ಇಟ್ಟಂತಾಗಿತ್ತು. ತಟ್ಟೆ ಕೊಟ್ಟು ಚಾಪೆಯ ಮೇಲೆ ಕುಳಿತೆ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಒರೆಸಿಕೊಂಡರೆ ವಿಭೂತಿ ಅಳಿಸೀತು, ಒರೆಸದಿದ್ದರೆ ಎಲ್ಲರಿಗೂ ಕಾಣುತ್ತದೆ.

ಹುಡುಗನ ತಾಯಿ ಎದುರಿಗಿದ್ದರು. ಅಗಲ ಮುಖ, ದೊಡ್ಡ ದನಿ. ತಟ್ಟೆ ಕೆಳಗಿಟ್ಟು ಕೇಳಿದರು: "ಯಾಕವ್ವ, ಅಳಾಕ ಹತ್ತೀದಿ? ನಿನಗ ಮನಸಿಲ್ಲೇನು?"

"ಹಂಗೇನಿಲ್ರಿ, ಹುಡುಗಿಗೆ ನಾಚಿಕಿ" ಎಂದರು ದೊಡ್ಡವ್ವ, ಒಂದು ಉಸಿರೂ ಬಿಡದೆ.

"ನಾ ಕೇಳಿದ್ದು ಹುಡುಗೀನ್ನ ರೀ."

ನನ್ನ ಬಾಯಿಂದ ಬಂದದ್ದು ಇಷ್ಟೇ: "ಹಣಿ ಉರಿತೈತ್ರಿ."

ಆಕೆ ಎದ್ದು ಬಂದು, ಸೆರಗಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ನನ್ನ ಹಣೆಯನ್ನು ಒರೆಸಿಯೇಬಿಟ್ಟರು. ಅಪ್ಪ ಗಾಬರಿಯಿಂದ ಎದ್ದು ನಿಂತು, "ವಿಭೂತಿ ರೀ ಅದು!" ಎಂದರು.

"ಗೊತ್ತೈತ್ರಿ. ಹಣಿ ಗಾಯ ಮಾದ ಮ್ಯಾಲೆ ಮತ್ತ ಹಚ್ಚಿದ್ರಾತು. ಶಿವ ಏನ್ ಸಿಟ್ಟಾಗಂಗಿಲ್ಲ." ಆಮೇಲೆ ದೊಡ್ಡವ್ವನ ಕಡೆ ತಿರುಗಿ, "ಏನ್ ತಿಕ್ಕೀರಿ ಬೇ ಇದನ್ನ! ತಳ ಹತ್ತಿದ ಗಡಿಗಿ ತಿಕ್ಕಿದಂಗ ತಿಕ್ಕೀರಲ್ಲ!" ಎಂದರು. ಹುಡುಗ ನಗು ತಡೆಯಲಾರದೆ ಕೆಮ್ಮಿದ. ಆಕೆ ಮತ್ತೆ ನನ್ನ ಮುಂದೆ ಕುಳಿತರು. "ಈಗ ಉರಿ ಕಮ್ಮಿ ಆತಿಲ್ಲ? ಈಗ ಹೇಳು, ಮನಸೈತೇನು?"

ಆ ಕ್ಷಣದವರೆಗೆ ನನಗೇ ಗೊತ್ತಿರದ ಮಾತು ಹೊರಬಂತು. "ನಾ ಇನ್ನಾ ಒಂದು ವರ್ಸ ಓದು ಮುಗಿಸ್ಬೇಕ್ರಿ."

ಅಪ್ಪನ ಮುಖ ನಾನು ನೋಡಲಿಲ್ಲ. ಆಕೆ ತಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡು, "ವರ್ಸ ಕಾಯೂದು ನಮಗ ಆಗೂದಿಲ್ಲವ್ವ. ನಾಟಿ ಹೊತ್ತಿಗೆ ಮನಿಗೆ ಸೊಸಿ ಬೇಕು. ಆದ್ರ ಈಗ ಹೇಳಿದ್ದು ಛಲೋ ಆತು. ಹೇಳದಿದ್ರ ನಮ್ಮ ಮನ್ಯಾಗ ಅಳಕೋತ ಕುಂದರ್ತಿದ್ದಿ" ಎಂದರು. ಉಪ್ಪಿಟ್ಟು ಪೂರ್ತಿ ತಿಂದು, ಅವ್ವನಿಂದ ಕುಂಕುಮ ಹಚ್ಚಿಸಿಕೊಂಡು ಹೊರಟರು.

ಅಪ್ಪ ಬಹಳ ದಿನ ನನ್ನೊಂದಿಗೆ ಮಾತಾಡಲಿಲ್ಲ. ದೊಡ್ಡವ್ವನಿಗೆ ಸಂಬಂಧ ತಪ್ಪದ ಹೆಸರು ಹೋಯಿತು. ಅವರು ನನ್ನನ್ನು ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಅದೇ ದಿನ ಮಧ್ಯಾಹ್ನ ಬೆಣ್ಣೆ ತಂದು ನನ್ನ ಹಣೆಗೆ ಹಚ್ಚುತ್ತ ಕುಳಿತರು. ನಾರು ಹಿಡಿದಾಗ ಅಷ್ಟು ಬಿರುಸಾಗಿರುತ್ತಿದ್ದ ಆ ಬೆರಳುಗಳು ಆಗ ಮುಟ್ಟಿದ್ದೂ ತಿಳಿಯದಷ್ಟು ಹಗುರ.

"ನನ್ನ ನೋಡಾಕ ಬಂದಾಗ ನಾನೂ ಅತ್ತಿದ್ದೆ ಬೇ" ಎಂದರು. "ಎಲ್ರೂ ನಾಚಿಕಿ ಅಂದ್ರು."

ತರಬೇತಿ ಮುಗಿಯಿತು. ಸಿರಿಗೇರಿಯಲ್ಲಿ, ಮೋಕದಲ್ಲಿ ಮಕ್ಕಳಿಗೆ ಕಲಿಸಿದೆ. ಮದುವೆಯೂ ಆಯಿತು, ನನ್ನ ಮೊಣಕೈಗಳ ಕಡೆ ಕಣ್ಣೆತ್ತಿಯೂ ನೋಡದವರೊಂದಿಗೆ. ಸಿರುಗುಪ್ಪದ ಆ ತಾಯಿಯನ್ನು ಮತ್ತೆ ಕಾಣಲಿಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿತ್ತು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಭಾನುವಾರ ಬರುವ ಹುಡುಗನ ಕೆಲಸ ವಿಚಾರಿಸಿದ್ದೆ, ಮನೆತನ ವಿಚಾರಿಸಿದ್ದೆ, ಅವರಿಗೆ ಯಾವ ಸಿಹಿ ಸೇರುತ್ತದೆಂಬುದನ್ನೂ ವಿಚಾರಿಸಿದ್ದೆ. ಮಗಳು ಹೊರಬಂದಳು. ಕೆನ್ನೆ ಕೆಂಪಗೆ, ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ನೀರೇ ಇರಬೇಕು ಎಂದುಕೊಂಡು ಮುಂದೆ ಹೋಗುವವಳಿದ್ದೆ. ಹೋಗಲಿಲ್ಲ.

"ಲೇ ತಂಗಿ, ನಿನಗ ಮನಸೈತೇನು?" ಎಂದೆ.

ಅವಳು ಟವೆಲ್ಲಿಗೆ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು.

"ಕುಂದ್ರವ್ವ, ಹೇಳ್ತೀನಿ" ಎಂದಳು.

ಸೌಟು ಕೆಳಗಿಟ್ಟು ಕುಳಿತೆ.