ದೊಡ್ಡ ಟೀಚರ್ ದನಿ

ತಪ್ಪು ನನ್ನದೇ ಎಂದು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಬಾಯಿ ಅದನ್ನು ಬೇರೆ ಯಾರ ತಲೆಗಾದರೂ ಕಟ್ಟೀತು. ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಕಿವಿಗೊಟ್ಟು ಕೇಳುವುದನ್ನು ಕಲಿಸಲು ಹೊರಟು, ಶಾಲೆಯಲ್ಲಿ ಕೇಳಲೇಬೇಕಾದ ಒಂದೇ ದನಿಯನ್ನು ನಗೆಪಾಟಲು ಮಾಡಿದವನು ನಾನು.

ಭೀಮರಾಯನಗುಡಿ ಕಡೆಯ ಊರು. ಶಾಲೆಯ ಹಿಂದೆಯೇ ಕಾಲುವೆ. ನಾನು ವರ್ಷದ ಮಟ್ಟಿಗೆ ಬಂದ ಅತಿಥಿ ಶಿಕ್ಷಕ. ಮುಂದೆಯೂ ಇರಬೇಕೆಂದರೆ ಮುಖ್ಯೋಪಾಧ್ಯಾಯಿನಿ, ಮಕ್ಕಳ ಬಾಯಲ್ಲಿ ದೊಡ್ಡ ಟೀಚರ್, ಹ್ಞೂಂ ಅನ್ನಬೇಕು. ಅವರಿಗೆ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ನನಗೆ ಅವರ ದನಿ ಕೇಳಿದರೆ ಆಗುತ್ತಿರಲಿಲ್ಲ. ಆದರೆ ಅದನ್ನು ಅವರಿಗಿಂತ ಚೆನ್ನಾಗಿ ನಾನೇ ಹೊರಡಿಸುತ್ತಿದ್ದೆ.

ನನ್ನ ಪಾಠ ಇಷ್ಟೇ. ಮಕ್ಕಳು ಕಣ್ಣು ಮುಚ್ಚಬೇಕು, ನಾನು ದನಿ ಬದಲಿಸಿ ಮಾತಾಡಬೇಕು, ಯಾರ ದನಿ ಎಂದು ಅವರು ಹೇಳಬೇಕು. ಎಮ್ಮೆ, ಏರು ಹತ್ತದ ಟಂಟಂ ಆಟೊ, ಸಾರಿನ ರುಚಿ ನೋಡುವ ಅಡುಗೆಯವ್ವ, ಸಾಹೇಬರು ಬಂದರೆ ತೊದಲುವ ನಾನೇ. ದೊಡ್ಡ ಟೀಚರ್ ಸರದಿ ಬಂದಾಗ ಮಾತ್ರ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. "ಏಳ್ರಿ, ಸಾಲು ಹಿಡೀರಿ" ಎಂದು ಮೂಗಿನಲ್ಲಿ ಎಳೆದರೆ ಏಳುವವರೇ ಇಲ್ಲ. "ಸರ್, ನೀವ ಅದೀರಿ" ಎಂಬ ಒಂದೇ ಕೂಗು.

ಒಮ್ಮೆ ದೊಡ್ಡ ಟೀಚರ್ ಕಿಟಕಿಯಾಚೆ ನಿಂತು ಕೇಳಿದರು.

"ಹೇಳಿದ್ದು ಕೇಳೂದು ಕಲಸ್ರಿ ಸರ್. ಹೇಳಿದವರನ್ನ ನೋಡಿ ನಗೂದು ಕಲಸಾಕತ್ತೀರಿ."

"ಕಿವಿ ಚುರುಕಾಗ್ಲಿ ಅಂತ್ರಿ ಟೀಚರ್."

"ಕಿವಿ ಅಲ್ಲ, ನಾಲಗಿ ಚುರುಕಾಗ್ಯಾವ. ನಿಮ್ಮಂಗ."

ಅವರು ಅತ್ತ ಹೋದದ್ದೇ ತಡ, ಅದನ್ನೂ ಅವರ ದನಿಯಲ್ಲೇ ಹೇಳಿ ತೋರಿಸಿದೆ.

ಆಗ ನೀರಿನ ಸರದಿ ನಿಂತು ಕಾಲುವೆ ಒಣಗಿತ್ತು. ಊಟವಾದ ಮೇಲೆ ಚಿಕ್ಕವರು ಅದರೊಳಗಿಳಿದು ನನ್ನ ಆಟವನ್ನೇ ಆಡುತ್ತಿದ್ದರು. ಆ ದಿನ ಅವರನ್ನು ನೋಡಿಕೊಳ್ಳುವ ಪಾಳಿ ನನ್ನದು. ನಾನೋ, ಹೋಟೆಲಿನಲ್ಲಿ ಚಹಾ ಕುಡಿಯುತ್ತ ಇನ್ಯಾರನ್ನೋ ಅಣಕಿಸುತ್ತಿದ್ದೆ. ಮೇಲಿನ ಗೇಟಿನಲ್ಲಿ ನೀರು ಬಿಟ್ಟರು. ದೊಡ್ಡ ಟೀಚರ್ ದಂಡೆಯ ಗಿಡಗಳಾಚೆಯಿಂದ ಕೂಗಿದರಂತೆ: "ಮ್ಯಾಲ ಬರ್ರಿ, ನೀರು ಬರಾಕತ್ಯಾವ."

ಕೆಳಗಿನಿಂದ ಉತ್ತರ: "ಸರ್, ನೀವ ಅದೀರಿ."

ಮತ್ತೆ ಕೂಗಿದರು. ಮತ್ತೆ ನಗು. ಕೆಲವರಂತೂ ಇನ್ನೂ ಚೆನ್ನಾಗಿ ಕೇಳಲೆಂದು ಕಣ್ಣು ಮುಚ್ಚಿಕೊಂಡರು.

ನಾನು ಬಂದಾಗ ಮಕ್ಕಳೆಲ್ಲ ದಂಡೆಯ ಮೇಲೆ ಅಳುತ್ತ ಕೂತಿದ್ದರು. ಒಬ್ಬರಿಗೂ ಏನೂ ಆಗಿರಲಿಲ್ಲ. ದೊಡ್ಡ ಟೀಚರ್ ಮತ್ತು ಅಡುಗೆಯವ್ವ ಕೆಳಗಿಳಿದು, ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಎಳೆದು ಹಾಕಿದ್ದರು. ಟೀಚರ್ ಸೀರೆಗೆ ಮೊಣಕಾಲ ತನಕ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ. ಆ ಒಂಟಿ ಚಪ್ಪಲಿಯ ನಡಿಗೆಯನ್ನೂ ನನ್ನ ಹಾಳು ಕಾಲು ಅಲ್ಲೇ ಕಲಿಯತೊಡಗಿತ್ತು.

"ಟೀಚರ್, ಹುಡುಗ್ರಿಗೆ ಗೊತ್ತಾಗಿಲ್ರಿ, ನಿಮ್ಮ ದನಿ..."

ಅವರು ಕೂಗಲಿಲ್ಲ.

"ಕಣ್ಣು ಮುಚ್ರಿ ಸರ್. ಈಗ ಇದು ಯಾರ ದನಿ, ನೀವ ಹೇಳ್ರಿ: ನಾಳಿಂದ ಈ ಶಾಲಿಗಿ ಬರಬ್ಯಾಡ್ರಿ."