ಚಾಂಗಭಲೋ ಎಂದವರಿಗೆಲ್ಲ ಮಜ್ಜಿಗೆ

ಮಕ್ಕಳ ಕಳ್ಳರು ಬಂದಿದ್ದಾರೆಂದು ಫೋನಿನಿಂದ ಫೋನಿಗೆ ಸುದ್ದಿ ಹರಿದಾಡಿದ ಬೇಸಿಗೆಯಲ್ಲಿ, ಮಕ್ತಲ್ ಬಳಿಯ ನಮ್ಮ ಕುರುಬರ ಊರು ಪೂರ್ತಿ ತಲೆ ಕೆಡಿಸಿಕೊಂಡಿತ್ತು. ಕಳ್ಳರು ಒಯ್ಯುವುದು ದುಂಡಗಿನ ಗಂಡುಮಕ್ಕಳನ್ನೇ ಎಂದು ಹಿರಿಯರು ಅದು ಹೇಗೋ ತೀರ್ಮಾನಿಸಿದ್ದರು. ಹಾಗಾಗಿ ನನ್ನ ತಮ್ಮನ ಗಲ್ಲಕ್ಕೆ ಮಸಿ, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಅಜ್ಜಿಯ ಮಂಚದ ಕಾಲಿಗೆ. "ಇವನ್ನ ಒಯ್ದವ ಸಂಜಿಗೆ ತಾನ ತಂದು ಬಿಡ್ತಾನ ತಗೋ," ಎನ್ನುತ್ತಲೇ ಅಜ್ಜಿ ಗಂಟು ಬಿಗಿಯುತ್ತಿದ್ದಳು. ಹದಿನೇಳರ ಹುಡುಗಿಯಾದ ನನ್ನನ್ನು ಯಾರೂ ಕಟ್ಟಲಿಲ್ಲ. ನನಗೆ ಅದೂ ಒಂದು ಅವಮಾನವೇ.

ಊರ ಬಾಗಿಲಲ್ಲಿ ಗಂಡಸರು ಬಡಿಗೆ ಹಿಡಿದು ಕೂತರು. ಬಂದವರ ಮುಂದೆ "ಏಳುಕೋಟಿ" ಎಂದು ಮೈಲಾರಲಿಂಗನ ಜೈಕಾರ ಹಾಕುವುದು. "ಚಾಂಗಭಲೋ" ಎಂದು ತಿರುಗಿ ಕೂಗಿದರೆ ನಮ್ಮವರೇ ಎಂದು ಮಜ್ಜಿಗೆ ಕುಡಿಸಿ ಒಳಗೆ ಬಿಡುವುದು. ಇಂಥ ಪರೀಕ್ಷೆ ನಮ್ಮೂರವರಿಗೆ ಮಾತ್ರ ಹೊಳೆಯುತ್ತದೆ. ನೋಡನೋಡುತ್ತಲೇ ಬಳೆ ಮಾರುವ ಸಾಬರು ಕೆರೆ ಏರಿಯ ಮೇಲಿಂದಲೇ "ಚಾಂಗಭಲೋ" ಎನ್ನುತ್ತ ಬರತೊಡಗಿದರು. ಬಿಸಿಲೂ ಹಾಗಿತ್ತು, ಮಜ್ಜಿಗೆಯೂ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದ ಹೆಂಗಸು ಎಲ್ಲರಿಗಿಂತ ಜೋರಾಗಿ ಕೂಗಿದಳು. ಹಣೆ ತುಂಬ ಮೈಲಾರನ ಭಂಡಾರದ ಅರಿಶಿನ. ಗದ್ವಾಲದ ಕಡೆಯ ಶಾಂತಿನಗರದವಳಂತೆ, ನಮಗೆ ದೂರದ ನೆಂಟಳಂತೆ. ಹೈದರಾಬಾದಿನ ಸೀರೆ ಅಂಗಡಿಯಲ್ಲಿ ನನಗೆ ಕೆಲಸ ಕೊಡಿಸುತ್ತೇನೆಂದಳು. ನಾನು ಕುಣಿದಾಡಿದೆ. ಕಾವಲಿನವರೇ ನನ್ನ ಚೀಲವನ್ನು ಜೀಪಿಗೆ ಏರಿಸಿದರು.

ನಮ್ಮಲ್ಲಿ ಹೆಣ್ಣುಮಗಳು ಮೊದಲ ಸಲ ಮನೆ ಬಿಟ್ಟು ಹೋದರೆ ಹಿರಿಯ ಹೆಂಗಸೊಬ್ಬಳು ಜೊತೆಗೆ ಹೋಗಿ, ಅಲ್ಲಿ ಉಂಡು ಮಲಗಿ, ನೋಡಿಕೊಂಡು ಬರುವ ಪದ್ಧತಿ. ಅಜ್ಜಿ ಆಗಲೇ ಕಂಬಳಿ, ರೊಟ್ಟಿಗಂಟಿನ ಸಮೇತ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅನುಮಾನಗಿನುಮಾನ ಏನೂ ಇಲ್ಲ. ಚಾರ್ಮಿನಾರ್ ನೋಡುವ ಆಸೆ.

"ಅಲ್ಲಿ ಮುದುಕರಿಗೆ ಜಾಗ ಇಲ್ಲಬೇ," ಎಂದಳು ಹೆಂಗಸು.

"ನಾ ಏನ್ ಭಾಳ ಜಾಗ ಹಿಡಿಯಂಗಿಲ್ಲ. ಮೂಲ್ಯಾಗ ಮಲಗ್ತೀನಿ."

"ಮಾಲಕರು ಬೈತಾರ."

"ಬೈಸ್ಕೊಂಡು ರೂಢಿ ಐತಿ."

ಗೋಗರೆದದ್ದಾಯಿತು, ಗದರಿದ್ದಾಯಿತು, ಅಜ್ಜಿ ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಹೆಂಗಸು ಇಬ್ಬರೂ ಬೇಡವೆಂದು ನಮ್ಮನ್ನು ಇಳಿಸಿ ಹೊರಟೇಹೋದಳು. ಕೆಲಸ ತಪ್ಪಿಸಿದಳೆಂದು ನಾನು ಅಜ್ಜಿಯ ಮೇಲೆ ಸಿಟ್ಟಾದೆ. ಚಾರ್ಮಿನಾರ್ ತಪ್ಪಿತೆಂದು ಅಜ್ಜಿ ನನ್ನ ಮೇಲೆ.

ಮಳೆ ಹಿಡಿಯುವ ಹೊತ್ತಿಗೆ ಗದ್ವಾಲದಿಂದ ಪೊಲೀಸರು ಬಂದು ಆ ಹೆಂಗಸಿನ ಫೋಟೊ ತೋರಿಸಿದರು. ಇಟಿಕ್ಯಾಲದ ಕಡೆಯ, ನನ್ನದೇ ವಯಸ್ಸಿನ ಹುಡುಗಿಯನ್ನು ಒಯ್ದು ಮಾರಿದ್ದಳು. ಹುಡುಗಿ ಇನ್ನೂ ಸಿಕ್ಕಿರಲಿಲ್ಲ. ಇಂಥವರು ಹುಡುಕುವುದು ಬಡವರ ಮನೆಯ ಈ ವಯಸ್ಸಿನ ಹುಡುಗಿಯರನ್ನೇ, ಬರುವುದೂ ಗುರುತಿನವರ ಹಾಗೆಯೇ ಎಂದರು. ಬಡಿಗೆ ಹಿಡಿದಿದ್ದವರು ನೆಲ ನೋಡಿದರು.

"ಆ ಹುಡುಗಿಗೆ ಅಜ್ಜಿ ಇರಲಿಲ್ಲೇನ್ರಿ?" ಎಂದು ಕೇಳಿದಳು ಅಜ್ಜಿ.

ಇದ್ದಾಳೆ ಎಂದರು ಪೊಲೀಸರು. ಜೀಪಿನ ತನಕ ಬಂದು ಮೊಮ್ಮಗಳನ್ನು ಹತ್ತಿಸಿ ಕಳಿಸಿದ್ದಳಂತೆ.