ಸರ್ ದನಿಯಲ್ಲಿ ಸಿಕ್ಕ ಎರಡನೇ ಉತ್ತರ

ಮೊದಲೇ ಹೇಳಿಬಿಡುತ್ತೇನೆ: ಗಣಿತದ ಸರ್ ಬೆನ್ನ ಹಿಂದೆಯೇ ನಿಂತಿದ್ದಾರೆಂದು ತಿಳಿಯದೆ ಅವರನ್ನೇ ಅಣಕಿಸಿದ ಕತ್ತೆ ನಾನು. ಕ್ಲಾಸು ನಗುವುದನ್ನು ನಿಲ್ಲಿಸಿದಾಗಲೂ, ನನ್ನ ಕಲೆಗೆ ಮೈಮರೆತಿದ್ದಾರೆ ಎಂದುಕೊಂಡು ಇನ್ನಷ್ಟು ಜೋರು ಮಾಡಿದೆ.

ಹರಪನಹಳ್ಳಿಯಲ್ಲಿ ಪಿಯುಸಿ ಎರಡನೇ ವರ್ಷ. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ; ಸಂಜೆಯಾದರೆ ಬಸ್ಸಿನ ನೆಪ ಹೇಳಿ ಕ್ಲಾಸಿನಿಂದ ಬೇಗ ಜಾರುತ್ತಿದ್ದೆ. ಅಪ್ಪನಿಗೆ ಅಲ್ಲಿ ಮಂಡಕ್ಕಿ ಹುರಿಯುವ ಭಟ್ಟಿ ಇತ್ತು. "ಕಾಲೇಜಿನಿಂದ ಒಂದು ದೂರು ಬರ್ಲಿ, ಪುಸ್ತಕ ಕಸ್ಕೊಂಡು ಭಟ್ಟಿ ಮುಂದ ಕುಂದ್ರಸ್ತೀನಿ" ಎಂದು ಆಗಲೇ ಹೇಳಿಟ್ಟಿದ್ದ. ಅಪ್ಪ ಹೇಳಿದರೆ ಮಾಡುವವನೇ.

ಸರ್ ಬೈಯಲಿಲ್ಲ. ಬೋರ್ಡಿನ ಮೇಲೆ ಒಂದು ಫಂಕ್ಷನ್ ಬರೆದರು: ಎಕ್ಸ್‌ನ ಘನಮೂಲದ ವರ್ಗ, ಗುಣಿಸು ಐದು ಮೈನಸ್ ಎಕ್ಸ್.

"ಇದರ ಕ್ರಿಟಿಕಲ್ ನಂಬರ್ ಎಲ್ಲಾ ಹುಡುಕು. ನನ್ನ ದನಿಯಾಗ ಮಾಡು, ನೋಡೋಣು. ತಪ್ಪಿತೋ, ನಾಳೆ ನಿಮ್ಮಪ್ಪನ್ನ ಕರ್ಕೊಂಡೇ ಒಳಗ ಬಾ."

ಚಾಕ್‌ಪೀಸ್ ನನ್ನ ಕೈಗಿಟ್ಟು, ಕೊನೇ ಬೆಂಚಿನ ನನ್ನ ಜಾಗದಲ್ಲಿ ಹೋಗಿ ಕೂತರು.

ಗ್ರಾಫು ಏರುವುದು ಬಿಟ್ಟು ಇಳಿಯಲು, ಇಳಿಯುವುದು ಬಿಟ್ಟು ಏರಲು ಸಾಧ್ಯವಿರುವ ಜಾಗಗಳೇ ಕ್ರಿಟಿಕಲ್ ನಂಬರ್‌ಗಳು. ಗ್ರಾಫಿನ ಓರೆ ಎಷ್ಟೆಂದು ಹೇಳುವ ಡಿರೈವೇಟಿವ್ ತೆಗೆಯುವುದು ನನಗೆ ಬರುತ್ತಿತ್ತು. ತೆಗೆದು, ಒಂದೇ ಭಿನ್ನರಾಶಿ ಮಾಡಿದೆ. ಮೇಲೆ ಐದು ಇಂಟು ಎರಡು ಮೈನಸ್ ಎಕ್ಸ್, ಕೆಳಗೆ ಮೂರು ಇಂಟು ಎಕ್ಸ್‌ನ ಘನಮೂಲ.

"ಡಿರೈವೇಟಿವ್ ಸೊನ್ನಿ ಆಗಬೇಕಂದ್ರ ಎಕ್ಸ್ ಎರಡಾಗಬೇಕು, ಮುಗೀತು!" ಎಂದು ಸರ್ ದನಿಯಲ್ಲೇ ಹೇಳಿ ಚಾಕ್ ಕೆಳಗಿಟ್ಟೆ.

ಮುಂದಿನ ಬೆಂಚಿನ ಗೆಳೆಯ ಪಿಸುಗುಟ್ಟಿದ: "ಲೇ, ಪ್ಯಾಂಟ್ ಏರಿಸೋದು ಬಿಟ್ಟೀಯಲ್ಲಲೇ!" ಅವನಿಗೆ ಬೇಕಾಗಿದ್ದುದು ಉತ್ತರವಲ್ಲ, ನಗು.

ಆದರೆ ಮಾತು ನಿಜ. ಒಂದು ಉತ್ತರ ಸಿಕ್ಕ ಮೇಲೆ ಸರ್ ಸುಮ್ಮನಾಗುತ್ತಿರಲಿಲ್ಲ. ಪ್ಯಾಂಟು ಮೇಲೇರಿಸಿ, ಬೋರ್ಡಿಗೆ ಮೂಗು ತಾಗುವ ಹಾಗೆ ಬಗ್ಗಿ ಒಂದು ಮಾತು ಹೇಳುತ್ತಿದ್ದರು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಆಡಿ ತೋರಿಸಿದ್ದೆ. ಏನು ಹೇಳುತ್ತಿದ್ದೇನೆಂದು ಒಮ್ಮೆಯೂ ಕಿವಿಗೊಟ್ಟಿರಲಿಲ್ಲ. ಏರಿಸಿದೆ, ಬಗ್ಗಿದೆ.

"ಮ್ಯಾಲ ಸೊನ್ನಿ ಸಿಕ್ತಂತ ಕುಣೀಬ್ಯಾಡ್ರಿ. ಕೆಳಗ ಯಾರದಾರ ನೋಡ್ರಿ."

ನೋಡಿದೆ. ಕೆಳಗೆ ಛೇದದಲ್ಲಿ ಎಕ್ಸ್ ಕೂತಿತ್ತು! ಅದು ಸೊನ್ನೆಯಾದರೆ ಡಿರೈವೇಟಿವ್ ಇರುವುದೇ ಇಲ್ಲ. ಫಂಕ್ಷನ್ ಮಾತ್ರ ಅಲ್ಲಿ ಆರಾಮಾಗಿ ಇದೆ. ಹಾಗಾದರೆ ಗ್ರಾಫು ಅಲ್ಲೂ ತಿರುಗಬಹುದು, ಸೊನ್ನೆಯೂ ಲೆಕ್ಕಕ್ಕೆ ಬರಬೇಕು. ಎರಡರ ಪಕ್ಕದಲ್ಲಿ ದುಂಡಗೆ ಸೊನ್ನೆ ಬರೆದೆ. "ಇದೂ ಒಂದು!" ಎಂದೆ. ದನಿ ನಡುಗಲಿಲ್ಲ. ದನಿ ಸರ್ ಅವರದಲ್ಲವೇ! ಮುಂದೆ ಎಷ್ಟೋ ಜನರನ್ನು ಅಣಕಿಸಿ ಚಪ್ಪಾಳೆ ತಗೊಂಡಿದ್ದೇನೆ. ಅವತ್ತು ಆ ಸೊನ್ನೆಯ ಮುಂದೆ ಉಬ್ಬಿದಷ್ಟು ನನ್ನೆದೆ ಮತ್ತೆಂದೂ ಉಬ್ಬಿಲ್ಲ.

ಅದೇ ಉಬ್ಬಿನಲ್ಲಿ ಕ್ಲಾಸಿನ ಕಡೆ ತಿರುಗಿ, "ಯಾರಿಗಾರ ಡೌಟ್ ಐತೇನ್ರಿ?" ಎಂದೆ.

ಕೊನೇ ಬೆಂಚಿನಿಂದ ಸರ್ ಕೈಯೆತ್ತಿದರು. ಎದ್ದು ನಿಂತು, ಮೂಗಿನಲ್ಲಿ ಎಳೆದೆಳೆದು, ಥೇಟ್ ನನ್ನ ದನಿಯಲ್ಲಿ ಹೇಳಿದರು:

"ಇಲ್ರೀ ಸರ್, ಎಲ್ಲಾ ತಿಳೀತ್ರಿ. ನಮ್ಮಪ್ಪಗೇನೂ ಹೇಳಬ್ಯಾಡ್ರಿ, ಕೊಟ್ಟೂರು ಬಸ್ ಬಂದೈತಿ, ಬಿಡ್ರಿ!"